ಪೈ ಕೆಟ್ಟಿಲ್ಲ, ಮೊದಲು ಚಾರ್ಜರ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಂಗೈಯಗಲದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಬಗ್ಗೆಯೇ. "ಓಎಸ್ ಮತ್ತೆ ಹಾಕಿದೆ, ಆದರೂ ಹಾಗೇ ಇದೆ" ಅನ್ನೋ ಮಾತು ಎಷ್ಟೋ ಕಡೆ ಇದೆ. ದಯವಿಟ್ಟು ಓಎಸ್‌ಗೆ (ಆಪರೇಟಿಂಗ್ ಸಿಸ್ಟಮ್‌ಗೆ) ಕೊನೆಯಲ್ಲಿ ಕೈ ಹಾಕಿ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಿ.

ಪ್ರಶ್ನೆ: ಮನೆಯ ಫೋಟೋಗಳನ್ನೆಲ್ಲ ಒಂದೆಡೆ ಇಡೋಣ ಅಂತ ಪೈ 4ಕ್ಕೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಸೇರಿಸಿದ್ದೇನೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಡಿಸ್ಕ್ ಇದ್ದಕ್ಕಿದ್ದಂತೆ ಮಾಯ. ಪರದೆ ಮೇಲೆ ಹಳದಿ ಮಿಂಚಿನ ಗುರುತು ಬರುತ್ತದೆ. ಓಎಸ್ ಇರುವ ಮೆಮೊರಿ ಕಾರ್ಡ್ ಬದಲಾಯಿಸಿದೆ, ಓಎಸ್ ಮತ್ತೆ ಹಾಕಿದೆ. ಚಾರ್ಜರ್ 33 ವ್ಯಾಟಿನದು, ಹಾಗಾಗಿ ಪವರ್ ಕಡಿಮೆ ಆಗಲು ಸಾಧ್ಯವಿಲ್ಲ. (ಹಾಸನದ ಓದುಗರು)

ಉತ್ತರ: ಸಾಧ್ಯವಿದೆ. ಆ ಮಿಂಚಿನ ಗುರುತು ಹೇಳುತ್ತಿರುವುದೇ ಅದನ್ನು. 33 ವ್ಯಾಟ್ ಅನ್ನುವುದು ಫೋನಿಗೆ ಸಿಗುವ ಲೆಕ್ಕ. ಫಾಸ್ಟ್ ಚಾರ್ಜರ್ ಫೋನಿನ ಜೊತೆ ಮಾತಾಡಿಕೊಂಡು 9 ವೋಲ್ಟೋ 11 ವೋಲ್ಟೋ ಕೊಟ್ಟು ಆ ಅಂಕಿಯನ್ನು ಮುಟ್ಟುತ್ತದೆ. ಪೈ 4 ಅಂಥ ಮಾತುಕತೆಗೆ ಹೋಗುವುದಿಲ್ಲ, ಅದಕ್ಕೆ ಬೇಕಾದ್ದು 5 ವೋಲ್ಟ್, 3 ಆಂಪಿಯರ್. ಚಾರ್ಜರಿನ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. 5 ವೋಲ್ಟ್ ಎದುರು 2 ಆಂಪಿಯರ್ ಅಂತಿದ್ದರೆ ನಿಮ್ಮ ಪಾಲಿಗೆ ಅದು 10 ವ್ಯಾಟಿನ ಚಾರ್ಜರ್, ಅಷ್ಟೆ.

ಇನ್ನು ಕೇಬಲ್. ಇದನ್ನು ಯಾರೂ ಅನುಮಾನಿಸುವುದಿಲ್ಲ. ತೆಳ್ಳನೆ ಕೇಬಲಿನ ಎರಡೂ ತಂತಿ ಸೇರಿ ಬರೀ 0.2 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. 2 ಆಂಪಿಯರ್ ಹರಿದರೆ 0.4 ವೋಲ್ಟ್ ದಾರಿಯಲ್ಲೇ ಹೋಯಿತು, ಚಾರ್ಜರ್ ಸರಿಯಾಗಿ 5 ವೋಲ್ಟ್ ಕೊಟ್ಟರೂ ಬೋರ್ಡಿಗೆ ತಲುಪಿದ್ದು 4.6. ಪೈ ಎಚ್ಚರಿಕೆ ಕೊಡಲು ಶುರು ಮಾಡುವುದು ಸುಮಾರು 4.63 ವೋಲ್ಟಿಗೆ. ರಾಸ್ಪ್‌ಬೆರಿ ಪೈಯವರದೇ ಅಡಾಪ್ಟರಿನ ಮೇಲೆ 5.1 ವೋಲ್ಟ್ ಅಂತ ಇರುವುದನ್ನು ನೋಡಿರಬಹುದು. ದಾರಿಯಲ್ಲಿ ಕಳೆದುಹೋಗುವುದಕ್ಕೆಂದೇ ಅಷ್ಟು ಜಾಸ್ತಿ ಇಟ್ಟಿದ್ದಾರೆ. ಅದರ ಕೇಬಲನ್ನು ಬಿಚ್ಚಲು ಬಾರದಂತೆ ಅಂಟಿಸಿರುವುದೂ ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನಾವು ಸುಮ್ನೆ ಬಿಡ್ತೀವಾ, ಯಾವುದೋ ಹಳೆ ಕೇಬಲ್ ಹುಡುಕಿ ಸಿಕ್ಕಿಸುತ್ತಿದ್ದೆವು.

ನಂಬಿಕೆ ಬರದಿದ್ದರೆ ಟರ್ಮಿನಲ್ಲಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' ಅಂತ ಕೊಡಿ. ಉತ್ತರ 0ಎಕ್ಸ್0 ಬಂದರೆ ಪವರ್ ಚೆನ್ನಾಗಿದೆ. 0ಎಕ್ಸ್50005 ಬಂದರೆ ಈ ಕ್ಷಣದಲ್ಲೇ ವೋಲ್ಟೇಜ್ ಕಡಿಮೆ ಇದೆ, ಪ್ರೊಸೆಸರ್ ವೇಗವನ್ನೂ ತಗ್ಗಿಸಿದೆ. 0ಎಕ್ಸ್50000 ಬಂದರೆ ಈಗ ಸರಿಯಿದೆ, ಆದರೆ ಬೂಟ್ ಆದ ಮೇಲೆ ಯಾವಾಗಲೋ ಒಮ್ಮೆ ಕಡಿಮೆಯಾಗಿತ್ತು. ಡಿಸ್ಕ್ ಮಾಯವಾದ ಕೂಡಲೇ ಇದನ್ನು ಓಡಿಸಿ ನೋಡಿ.

ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟುಗಳಿಗೆ ಸೇರಿ 1.2 ಆಂಪಿಯರ್ ಮಾತ್ರ ಸಿಗುತ್ತದೆ. 2.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವ ಹೊತ್ತಿಗೆ ಒಂದು ಆಂಪಿಯರ್ ಹತ್ತಿರ ಎಳೆಯಬಹುದು. ಹಾಗಾಗಿ ಒಳ್ಳೆ ಅಡಾಪ್ಟರ್ ಹಾಕಿದ ಮೇಲೂ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಡಿಸ್ಕ್ ಸೇರಿಸುವುದೇ ವಾಸಿ. ಪೈ 5ಕ್ಕೆ ಹೋಗಿಬಿಡೋಣ ಅಂತ ಯೋಚನೆ ಇದ್ದರೆ ಕೇಳಿ: ಅದಕ್ಕೆ 5 ವೋಲ್ಟಿಗೆ 5 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. 3 ಆಂಪಿಯರಿನದು ಹಾಕಿದರೆ ಬೂಟ್ ಏನೋ ಆಗುತ್ತದೆ, ಆದರೆ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿ ಆಂಪಿಯರ್ ಮಾತ್ರ ಬಿಡುತ್ತದೆ. ಆಗ ನಿಮ್ಮ ಡಿಸ್ಕಿನ ಕಥೆ ಇನ್ನೂ ಕೆಡುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಬ್ಬರ ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ಸೆಕೆಂಡ್‌ಹ್ಯಾಂಡ್ ಪೈ 4 ತಂದಿದ್ದಾರೆ, ಲ್ಯಾಪ್‌ಟಾಪಿನ ದಪ್ಪ ಟೈಪ್-ಸಿ ಚಾರ್ಜರ್ ಹಾಕಿದರೆ ಕೆಂಪು ದೀಪವೂ ಬರುವುದಿಲ್ಲವಂತೆ. 2019ರಲ್ಲಿ ಬಂದ ಮೊದಲ ಪೈ 4 ಬೋರ್ಡುಗಳ ಟೈಪ್-ಸಿ ಸರ್ಕ್ಯೂಟಿನಲ್ಲಿ ಒಂದು ರೆಸಿಸ್ಟರ್ ಕಡಿಮೆ ಇತ್ತು. ಇ-ಮಾರ್ಕ್ ಚಿಪ್ (ಕೇಬಲಿನ ಸಾಮರ್ಥ್ಯವನ್ನು ಚಾರ್ಜರಿಗೆ ತಿಳಿಸುವ ಚಿಪ್) ಇರುವ ಕೇಬಲ್ ಹಾಕಿದರೆ ಚಾರ್ಜರ್ ಆ ಬೋರ್ಡನ್ನು ಹೆಡ್‌ಫೋನ್ ಅಡಾಪ್ಟರ್ ಅಂದುಕೊಂಡು ಕರೆಂಟನ್ನೇ ಕೊಡುವುದಿಲ್ಲ. ಆಮೇಲಿನ ಬೋರ್ಡುಗಳಲ್ಲಿ ಸರಿಮಾಡಿದರು. ಸಾದಾ ಕೇಬಲ್ ಹಾಕಿ, ದೀಪ ಹತ್ತಬೇಕು.

ಪ್ರಶ್ನೆ: ತೆಂಗಿನ ತೋಟದ ಡ್ರಿಪ್‌ಗೆ ಪೈ ಜೀರೋದಿಂದ ಪಂಪ್ ನಡೆಸಬೇಕು. ನೀಲಿ ಬಣ್ಣದ ಎರಡು ಚಾನೆಲ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಬೋರ್ಡ್ ಹಾಕಿದ್ದೇನೆ. ಆಫ್ ಮಾಡಿದರೂ ರಿಲೇಯ ದೀಪ ಮಂಕಾಗಿ ಉರಿಯುತ್ತಲೇ ಇರುತ್ತದೆ, ಕೆಲವೊಮ್ಮೆ ರಿಲೇ ಬಿಡುವುದೇ ಇಲ್ಲ. ಪೈ ರೀಸ್ಟಾರ್ಟ್ ಆದಾಗ ರಿಲೇ ತಾನಾಗಿಯೇ ಆನ್ ಆಗುತ್ತದೆ. ಕೋಡ್‌ನಲ್ಲಿ ತಪ್ಪಿದೆಯಾ? (ತಿಪಟೂರಿನ ಓದುಗರು)

ಉತ್ತರ: ಕೋಡ್ ಸರಿಯಾಗಿಯೇ ಇರಬಹುದು. ಈ ರಿಲೇ ಬೋರ್ಡುಗಳನ್ನು 5 ವೋಲ್ಟಿನ ಆರ್ಡುಯಿನೋ ಎಂಬ ಬೇರೆ ಬೋರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ಜೊತೆಗೆ ಅವು ಉಲ್ಟಾ ಕೆಲಸ ಮಾಡುತ್ತವೆ, ಇನ್‌ಪುಟ್ ಪಿನ್ ಸೊನ್ನೆಗೆ ಇಳಿದರೆ ಆನ್, ಮೇಲೆ ಹೋದರೆ ಆಫ್. ಪೈಯ ಪಿನ್ ಮೇಲೆ ಹೋದರೂ 3.3 ವೋಲ್ಟ್ ದಾಟುವುದಿಲ್ಲ. ಬೋರ್ಡಿಗೆ 5 ವೋಲ್ಟ್ ಕೊಟ್ಟಿದ್ದೀರಿ. ಉಳಿದ 1.7 ವೋಲ್ಟ್ ವ್ಯತ್ಯಾಸ ಇದೆಯಲ್ಲ, ಮಂಕು ದೀಪ ಉರಿಯುವುದು ಅದರಲ್ಲೇ. ಪೈಯ ಪಿನ್ನುಗಳು 5 ವೋಲ್ಟ್ ತಡೆಯುವಂಥವಲ್ಲ ಅನ್ನುವುದನ್ನೂ ಮರೆಯಬೇಡಿ.

ಬೋರ್ಡಿನಲ್ಲಿ 'ಜೆಡಿ-ವಿಸಿಸಿ' ಅಂತ ಬರೆದಿರುವ ಕಡೆ ಒಂದು ಜಂಪರ್ (ಎರಡು ಪಿನ್ನುಗಳನ್ನು ಜೋಡಿಸುವ ಪುಟ್ಟ ತುಂಡು) ಇರುತ್ತದೆ. ಅದನ್ನು ಕಿತ್ತು, ಜೆಡಿ-ವಿಸಿಸಿಗೆ 5 ವೋಲ್ಟ್, ವಿಸಿಸಿಗೆ 3.3 ವೋಲ್ಟ್ ಕೊಡುವುದು ಎಲ್ಲರೂ ಹೇಳುವ ದಾರಿ. ಎಷ್ಟೋ ಬೋರ್ಡುಗಳಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ. ಕೆಲವದರಲ್ಲಿ 3.3 ವೋಲ್ಟ್ ಸಾಲದೆ ರಿಲೇ ಎಳೆಯುವುದೇ ಇಲ್ಲ. ನನ್ನನ್ನು ಕೇಳಿದರೆ ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿಬಿಡಿ. ಪೈಯ ಪಿನ್ನಿನಿಂದ 1 ಕಿಲೋ ಓಮ್ ಮೂಲಕ ಬೇಸ್‌ಗೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ರಿಲೇ ಬೋರ್ಡಿನ ಇನ್‌ಪುಟ್‌ಗೆ. ಈಗ ಉಲ್ಟಾ ಇದ್ದದ್ದು ಸೀದಾ ಆಯಿತು: ಪಿನ್ ಮೇಲೆ ಹೋದರೆ ಪಂಪ್ ಆನ್. ಕೋಡಿನಲ್ಲೂ ಅದನ್ನು ತಿರುಗಿಸಿಕೊಳ್ಳಿ.

ರೀಸ್ಟಾರ್ಟ್ ಸಮಸ್ಯೆಯ ಅರ್ಧವೂ ಇದರಲ್ಲೇ ಮುಗಿಯುತ್ತದೆ. ಉಳಿದರ್ಧ ಪಿನ್ನಿನ ಆಯ್ಕೆ. ಬೂಟ್ ಆಗುವಾಗ ನಿಮ್ಮ ಪ್ರೋಗ್ರಾಂ ಇನ್ನೂ ಎದ್ದಿರುವುದಿಲ್ಲ, ಆಗ ಪಿನ್ನುಗಳು ತಮ್ಮ ಹುಟ್ಟುಗುಣದಂತೆ ಇರುತ್ತವೆ. ಜಿಪಿಐಒ (ಪೈಯ ಇನ್‌ಪುಟ್-ಔಟ್‌ಪುಟ್ ಪಿನ್ನು) 0ರಿಂದ 8ರವರೆಗಿನವು ಮೇಲಕ್ಕೆ ಎಳೆದಿರುತ್ತವೆ, 9ರಿಂದ 27ರವರೆಗಿನವು ಕೆಳಕ್ಕೆ. ಟ್ರಾನ್ಸಿಸ್ಟರ್ ಹಾಕಿದ ಮೇಲೆ ನಿಮಗೆ ಕೆಳಕ್ಕಿರುವವೇ ಬೇಕು, 17 ಅಥವಾ 27 ತಗೊಳ್ಳಿ. ಬೇಸ್‌ನಿಂದ ಗ್ರೌಂಡಿಗೆ ಒಂದು 10 ಕಿಲೋ ಓಮ್ ಹಾಕಿದರೆ ಇನ್ನೂ ನೆಮ್ಮದಿ.

ಆದರೆ ನನಗೆ ನಿಜವಾಗಿ ಭಯವಾದದ್ದು ನೀವು ಕೇಳದೆ ಬಿಟ್ಟ ವಿಷಯಕ್ಕೆ. ಆ ನೀಲಿ ರಿಲೇ ಮೇಲೆ 10 ಆಂಪಿಯರ್, 250 ವೋಲ್ಟ್ ಅಂತ ಬರೆದಿದೆ ಅಂತ ಮೋಟಾರಿನ ತಂತಿಯನ್ನು ನೇರ ಅದರ ಮೂಲಕ ತೆಗೆದುಕೊಂಡು ಹೋಗಬೇಡಿ. ಮೋಟಾರು ಎದ್ದೇಳುವಾಗ ಎಳೆಯುವ ಕರೆಂಟು ಮಾಮೂಲಿಗಿಂತ ಐದಾರು ಪಟ್ಟು, ರಿಲೇಯ ಒಳಗಿನ ತುದಿಗಳು ಅಂಟಿಕೊಂಡರೆ ಪಂಪ್ ನಿಲ್ಲುವುದೇ ಇಲ್ಲ. ತೋಟದಲ್ಲಿ ಈಗಿರುವ ಸ್ಟಾರ್ಟರ್ ಹಾಗೇ ಇರಲಿ, ಅದರ ಓವರ್‌ಲೋಡ್ ರಿಲೇ, ಫೇಸ್ ಹೋದರೆ ನಿಲ್ಲಿಸುವ ಸಾಧನ ಯಾವುದನ್ನೂ ತೆಗೆಯಬೇಡಿ. ಪೈಯ ಒಂದು ರಿಲೇ ಸ್ಟಾರ್ಟ್ ಬಟನ್ನಿಗೆ ಸಮಾನಾಂತರವಾಗಿ ಒಂದು ಸೆಕೆಂಡ್ ಒತ್ತಿದ ಹಾಗೆ ಮಾಡಲಿ, ಇನ್ನೊಂದು ಸ್ಟಾಪ್ ತಂತಿಯನ್ನು ಒಂದು ಸೆಕೆಂಡ್ ಕತ್ತರಿಸಲಿ. ಆಮೇಲೆ ಪೈ ಮಧ್ಯದಲ್ಲಿ ಹ್ಯಾಂಗ್ ಆದರೆ ಪಂಪ್ ಓಡುತ್ತಲೇ ಇರುತ್ತದೆ ಅಲ್ವಾ? ಅದಕ್ಕೇ ಪೈಗೆ ಸಂಬಂಧವೇ ಇಲ್ಲದ ಒಂದು ಟೈಮರ್ ಅಥವಾ ತೊಟ್ಟಿಯ ಫ್ಲೋಟ್ ಸ್ವಿಚ್ಚನ್ನು ಅದೇ ಸ್ಟಾಪ್ ತಂತಿಯ ಸಾಲಿನಲ್ಲಿ ಸೇರಿಸಿ. ತ್ರೀ ಫೇಸ್ ಕಡೆಯ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಹಳೆ ವಿಡಿಯೋದಲ್ಲಿ ತೋರಿಸಿದಂತೆ ವೈಫೈ ಹೆಸರು, ಪಾಸ್‌ವರ್ಡ್ ಬರೆದ ಫೈಲನ್ನು ಕಾರ್ಡಿಗೆ ಹಾಕಿದೆ. ಪೈ ಜೀರೋ 2 ಡಬ್ಲ್ಯೂ ವೈಫೈಗೆ ಸೇರುತ್ತಲೇ ಇಲ್ಲ. 'ಪೈ', 'ರಾಸ್ಪ್‌ಬೆರಿ' ಲಾಗಿನ್ ಕೂಡ ಆಗುತ್ತಿಲ್ಲ. (ಬಳ್ಳಾರಿಯ ಓದುಗರು)

ಉತ್ತರ: ವಿಡಿಯೋ ಹಳೆಯದು, ಅಷ್ಟೆ. 'ಪೈ' ಅನ್ನುವ, ಮೊದಲೇ ಸಿದ್ಧವಿರುತ್ತಿದ್ದ ಬಳಕೆದಾರ ಖಾತೆಯನ್ನು 2022ರ ಏಪ್ರಿಲ್‌ನಲ್ಲೇ ತೆಗೆದರು. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ ಎಂಬ ಓಎಸ್ ಆವೃತ್ತಿಯಿಂದ ವೈಫೈ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್, ಆ ಹಳೆ ಫೈಲನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಕಾರ್ಡ್ ಬರೆಯುವ ಮುಂಚೆ ಬಳಕೆದಾರ, ವೈಫೈ, ದೇಶ, ಎಸ್ಎಸ್ಎಚ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವ ವ್ಯವಸ್ಥೆ) ಎಲ್ಲ ತುಂಬಿಸಿ. ಇನ್ನೊಂದು ವಿಷಯ, ಈ ಬೋರ್ಡಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ರೂಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ಏನು ಮಾಡಿದರೂ ಕಾಣುವುದಿಲ್ಲ.

ಪ್ರಶ್ನೆ: ಶಾಲೆಯ ವಿಜ್ಞಾನ ಮೇಳಕ್ಕೆ ಪುಟ್ಟ ಓಎಲ್‌ಇಡಿ ಪರದೆ ಮೇಲೆ ಕನ್ನಡದಲ್ಲಿ ಉಷ್ಣತೆ ತೋರಿಸಬೇಕು. ಅಕ್ಷರ ಬರುತ್ತದೆ, ಆದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುತ್ತದೆ. 'ಉಷ್ಣತೆ' ಓದಲಿಕ್ಕೇ ಆಗುವುದಿಲ್ಲ. ಮಕ್ಕಳು ನಗುತ್ತಿದ್ದಾರೆ. (ಧಾರವಾಡದ ಶಿಕ್ಷಕಿ)

ಉತ್ತರ: ಈ ಪ್ರಶ್ನೆ ಓದಿ ಖುಷಿಯಾಯಿತು. ಇಂಗ್ಲಿಷಿನಲ್ಲಿ ತೋರಿಸಿ ಮುಗಿಸಿಬಿಡಬಹುದಿತ್ತು, ನೀವು ಹಾಗೆ ಮಾಡಲಿಲ್ಲ.

ಫಾಂಟ್ ಇದ್ದ ಮಾತ್ರಕ್ಕೆ ಕನ್ನಡ ಬರುವುದಿಲ್ಲ. ಷ, ಅರ್ಧಚಿಹ್ನೆ, ಣ ಅಂತ ಸಾಲಾಗಿ ಇರುವ ಮೂರು ಸಂಕೇತಗಳನ್ನು ಸೇರಿಸಿ 'ಷ್ಣ' ಅನ್ನುವ ಒಂದು ರೂಪ ಮಾಡಲು ಬೇರೆಯದೇ ಒಂದು ತಂತ್ರಾಂಶ ಬೇಕು. ಆ ಕೆಲಸ ಮಾಡುವುದು ಹಾರ್ಫ್‌ಬಜ್. ಪೈಥಾನಿನಲ್ಲಿ ಚಿತ್ರ ಬರೆಯುವ ಪಿಲ್ಲೋ ಲೈಬ್ರರಿ ಅದನ್ನು ರಾಕ್ಮ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಬಳಸುತ್ತದೆ. ರಾಕ್ಮ್ ಸಿಗದಿದ್ದರೆ ಪಿಲ್ಲೋ ಗಲಾಟೆ ಮಾಡುವುದಿಲ್ಲ, ಒಂದೊಂದೇ ಸಂಕೇತವನ್ನು ಪಕ್ಕಪಕ್ಕ ಇಟ್ಟು ಕೈ ತೊಳೆದುಕೊಳ್ಳುತ್ತದೆ. ನಿಮಗೆ ಆಗಿರುವುದು ಇದೇ.

ಎಪಿಟಿಯಿಂದ (ಪೈಯಲ್ಲಿ ತಂತ್ರಾಂಶ ಹಾಕುವ ಕಮಾಂಡಿನಿಂದ) 'ಲಿಬ್‌ರಾಕ್ಮ್0' ಹಾಕಿ, ಪಿಲ್ಲೋವನ್ನೂ ಎಪಿಟಿಯಿಂದಲೇ ಹಾಕಿಕೊಳ್ಳಿ. ಆಮೇಲೆ ಪಿಲ್ಲೋದ 'ಫೀಚರ್ಸ್' ಮಾಡ್ಯೂಲಿನಲ್ಲಿ ರಾಕ್ಮ್ ಇದೆಯಾ ಅಂತ ಕೇಳಿ, 'ಟ್ರೂ' ಬರಬೇಕು. ಫಾಂಟಿಗೆ 'ಫಾಂಟ್ಸ್-ಕೆಎನ್‌ಡಿಎ' ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಮೂರೂ ಒಟ್ಟಿಗೆ ಬರುತ್ತವೆ. ಪುಟ್ಟ ಪರದೆಗೆ ತೆಳು ಗೆರೆಯ ಫಾಂಟ್ ಒಡೆದಂತೆ ಕಾಣುತ್ತದೆ, ನೋಟೋ ಸ್ಯಾನ್ಸ್ ಕನ್ನಡದ ದಪ್ಪ ರೂಪವನ್ನೂ ಒಮ್ಮೆ ನೋಡಿ.

ಇದಾದ ಮೇಲೂ ಒಡೆದರೆ ಕೋಡ್ ನೋಡಿಕೊಳ್ಳಿ. ಟೈಪ್ ಆಗುವ ಹಾಗೆ ಕಾಣಲಿ ಅಂತ ಲೂಪ್ ಹಾಕಿ ಒಂದೊಂದೇ ಅಕ್ಷರ ಬರೆಸುತ್ತಿದ್ದರೆ ಯಾವ ಲೈಬ್ರರಿಯೂ ಕಾಪಾಡಲಾರದು. ಇಡೀ ಸಾಲನ್ನು ಒಮ್ಮೆಗೇ ಕೊಡಬೇಕು. ಸಾಲು ಸರಿದಾಡಬೇಕೆಂದರೆ ಇಡೀ ಸಾಲನ್ನು ಅಗಲವಾದ ಚಿತ್ರವಾಗಿ ಬರೆದುಕೊಂಡು ಆ ಚಿತ್ರವನ್ನೇ ಸರಿಸಿ.

ನಿಮ್ಮ ಪರದೆ 128 ಅಡ್ಡ, 64 ಎತ್ತರದ್ದಾದರೆ ಇಂಗ್ಲಿಷಿನವರ ಹಾಗೆ ಆರೆಂಟು ಸಾಲು ಹಿಡಿಸಲು ಹೋಗಬೇಡಿ. ನಮ್ಮ ಒತ್ತುಗಳಿಗೆ ಕೆಳಗೆ ಜಾಗ ಬೇಕು, ಎರಡು ಸಾಲು ಸಾಕು. ಮೇಲಿನ ಪಟ್ಟಿ ಹಳದಿ, ಕೆಳಗಿನದು ನೀಲಿ ಇರುವ ಪರದೆಯಾದರೆ ಹಳದಿಗೆ ಸಿಗುವುದು 16 ಪಿಕ್ಸೆಲ್ ಮಾತ್ರ. ಅಲ್ಲಿ ಕನ್ನಡ ಬರೆದರೆ ಒತ್ತು ನೀಲಿಗೆ ಇಳಿಯುತ್ತದೆ. ಅಲ್ಲಿ ಅಂಕಿ ಹಾಕಿ, ಕೆಳಗೆ ಕನ್ನಡ ಇಡಿ.

ಪ್ರಶ್ನೆ: ಡಿಎಸ್18ಬಿ20 ಉಷ್ಣತೆ ಸೆನ್ಸರ್ ಆಗಾಗ 85 ಡಿಗ್ರಿ ತೋರಿಸುತ್ತದೆ. ಕೋಣೆ ತಣ್ಣಗಿದೆ! (ಮಡಿಕೇರಿಯ ಓದುಗರು)

ಉತ್ತರ: 85 ಅನ್ನುವುದು ಆ ಚಿಪ್ಪಿಗೆ ಪವರ್ ಬಂದ ಕೂಡಲೇ ಇರುವ ಆರಂಭದ ಅಂಕಿ, ಅಳತೆಯಲ್ಲ. ಅಳೆಯುವ ಮುಂಚೆಯೇ ಓದುತ್ತಿದ್ದೀರಿ, ಇಲ್ಲವೇ ನಡುವೆ ಪವರ್ ತಪ್ಪುತ್ತಿದೆ. ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋ ಓಮ್ ಇದೆಯಾ, ಬ್ರೆಡ್‌ಬೋರ್ಡಿನಲ್ಲಿ ಕಾಲು ಸಡಿಲವಾ, ಈ ಎರಡನ್ನು ನೋಡಿ.

ಪ್ರಶ್ನೆ: ಉಡುಪಿಯ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಗೇಟಿನ ಕಡೆಗೆ ಪೈ ಕ್ಯಾಮೆರಾ ಇಟ್ಟು ಬಂದೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಸಂಪರ್ಕವನ್ನು ಪೈಗೆ ಕಳಿಸುವ ಸೆಟ್ಟಿಂಗ್) ಮಾಡಿದ್ದರೂ ಇಲ್ಲಿಂದ ಕಾಣುವುದಿಲ್ಲ. ಕರೆಂಟು ಹೋಗಿ ಬಂದರೆ ಕೆಲವೊಮ್ಮೆ ಪೈ ಏಳುವುದೂ ಇಲ್ಲ. (ಸಿಂಗಪುರದ ಓದುಗರು)

ಉತ್ತರ: ರೂಟರಿನ ಪುಟದಲ್ಲಿ ಹೊರಗಿನ ವಿಳಾಸ ಏನಿದೆ ನೋಡಿ. 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಅಂತ ಅರ್ಥ, ನಿಮ್ಮ ಪೋರ್ಟ್ ಫಾರ್ವರ್ಡ್ ಅಲ್ಲಿಯವರೆಗೆ ತಲುಪುವುದೇ ಇಲ್ಲ. ಎರಡು ಸಾಧನಗಳ ನಡುವೆ ಖಾಸಗಿ ಸಂಪರ್ಕ ಕೊಡುವ ಟೇಲ್‌ಸ್ಕೇಲ್ ತರಹದ್ದನ್ನು ಎರಡೂ ಕಡೆ ಹಾಕಿಕೊಳ್ಳಿ. ಕ್ಯಾಮೆರಾದ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡುವುದಕ್ಕಿಂತ ಅದು ಹೇಗೂ ಒಳ್ಳೆಯದು.

ಏಳದಿರುವುದು ಬಹುಶಃ ಕಾರ್ಡಿನ ತೊಂದರೆ. ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲ್‌ಸಿಸ್ಟಮ್ ಕೆಡುತ್ತದೆ. ಪೈಯ ಸೆಟ್ಟಿಂಗ್ಸ್ ಕಮಾಂಡ್ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್‌ಸಿಸ್ಟಮ್ ಆನ್ ಮಾಡಿ, ಆಗ ಕಾರ್ಡಿಗೆ ಏನೂ ಬರೆಯುವುದಿಲ್ಲ, ಎಲ್ಲ ಮೆಮೊರಿಯಲ್ಲೇ ನಡೆಯುತ್ತದೆ. ರೀಸ್ಟಾರ್ಟ್ ಆದರೆ ಲಾಗ್, ರೆಕಾರ್ಡಿಂಗ್ ಎಲ್ಲ ಹೋಗುತ್ತದೆ, ಅದು ಬೇಕಿದ್ದರೆ ಬೇರೆ ಪೆನ್‌ಡ್ರೈವ್ ಇಡಿ. ಮುಂದಿನ ಸಲ ಊರಿಗೆ ಬಂದಾಗ ಸಿದ್ಧವಾದ ಇನ್ನೊಂದು ಕಾರ್ಡನ್ನು ಅಪ್ಪನ ಕೈಗೆ ಕೊಟ್ಟು, ಬದಲಾಯಿಸುವುದನ್ನು ಒಮ್ಮೆ ಮಾಡಿಸಿ ತೋರಿಸಿ. ಫೋನಿನಲ್ಲಿ ಟರ್ಮಿನಲ್ ಕಮಾಂಡ್ ಹೇಳಿಕೊಡುವ ಕಷ್ಟ ತಪ್ಪುತ್ತದೆ.

ಪ್ರಶ್ನೆ: ಎಂಟನೇ ತರಗತಿಯ ಮಗಳಿಗೆ ಪೈ 5 ಕೊಡಿಸಲಾ? ದೀಪ, ಸೆನ್ಸರ್, ಮೋಟಾರು ಇಂಥದ್ದರಲ್ಲಿ ಅವಳಿಗೆ ಆಸಕ್ತಿ. (ಬೆಂಗಳೂರಿನ ಓದುಗರು)

ಉತ್ತರ: ಬೇಡ, ಈಗಲೇ ಬೇಡ. ಓಎಸ್ ಇಲ್ಲದ ಪುಟ್ಟ ಬೋರ್ಡ್ ಪೈ ಪಿಕೋ ಕೊಡಿಸಿ. 2021ರಲ್ಲಿ ಬಂದದ್ದು, ಬೆಲೆ ತುಂಬ ಕಡಿಮೆ, ಮೈಕ್ರೋಪೈಥಾನ್ (ಪುಟ್ಟ ಬೋರ್ಡುಗಳಿಗಾಗಿ ಮಾಡಿದ ಪೈಥಾನ್) ಓಡುತ್ತದೆ, ಪ್ಲಗ್ ಕಿತ್ತರೆ ಕೆಡುವ ಕಾರ್ಡೇ ಅದರಲ್ಲಿಲ್ಲ. ಮಣ್ಣಿನ ತೇವ ಅಳೆಯುವಂಥ ಅನಲಾಗ್ ಸೆನ್ಸರನ್ನು ನೇರ ಸೇರಿಸಬಹುದು, ದೊಡ್ಡ ಪೈಗಳಲ್ಲಿ ಆ ಸೌಕರ್ಯವೇ ಇಲ್ಲ, ಎಂಸಿಪಿ3008 ತರಹದ ಚಿಪ್ ಬೇರೆ ಬೇಕಾಗುತ್ತದೆ. ಒಂದು ಪಿನ್ ಸುಟ್ಟರೂ ಮನೆಯಲ್ಲಿ ಯಾರೂ ಬೈಯುವಷ್ಟು ದುಡ್ಡಿನದಲ್ಲ. ಉಳಿದ ದುಡ್ಡಿಗೆ ಎಸ್.ಪಿ. ರೋಡಿಗೆ ಅವಳನ್ನೂ ಕರೆದುಕೊಂಡು ಹೋಗಿ, ಬ್ರೆಡ್‌ಬೋರ್ಡ್, ರೆಸಿಸ್ಟರುಗಳು, ಒಂದು ಸಾದಾ ಮಲ್ಟಿಮೀಟರ್ ತನ್ನಿ. ಶನಿವಾರ ಸಂಜೆ ಹೋಗಬೇಡಿ, ಪಾರ್ಕಿಂಗ್ ಸಿಗುವುದಿಲ್ಲ.