ಡೀಸೆಲ್ ಚೆಲ್ಲಿದ ಮಡಿಯಲ್ಲಿ ಸೊಪ್ಪು ಯಾಕೆ ಏಳುತ್ತಿಲ್ಲ?

ಪಂಪ್‌ಸೆಟ್ ಪಕ್ಕದ ಮಡಿಯಲ್ಲಿ ಡೀಸೆಲ್, ಹಳೇ ಎಂಜಿನ್ ಆಯಿಲ್ ಎರಡೂ ಚೆಲ್ಲಿವೆ, ಬಿತ್ತಿದ ದಂಟು ಅರ್ಧ ಹುಟ್ಟಲಿಲ್ಲ, ಹುಟ್ಟಿದ್ದು ಹಳದಿ ತಿರುಗಿದೆ, ಯಾವ ಗೊಬ್ಬರ ಹಾಕಲಿ ಅಂತ ಕೇಳಿದ್ದೀರಿ. ಗೊಬ್ಬರದ ಮಾತು ಆಮೇಲೆ. ಮೊದಲು ಅಲ್ಲಿನ ಒಣ ಮಣ್ಣಿನ ಮೇಲೆ ಒಂದು ಚಮಚ ನೀರು ಹಾಕಿ ನೋಡಿ.

ನಮ್ಮ ಬೀನ್ಸ್ ಮಡಿಯಲ್ಲಿ ನಾನು ಹೀಗೇ ನೋಡಿದ್ದೆ. ಟಿಲ್ಲರ್‌ಗೆ ತುಂಬುವಾಗ ಡೀಸೆಲ್ ಕ್ಯಾನ್ ಉರುಳಿತ್ತು. ತಪ್ಪು ನನ್ನದೇ, ಮುಚ್ಚಳ ಹಾಕಿರಲಿಲ್ಲ. ಐದು ಲೀಟರ್ ಹೋಯಿತು. ಮೇಲೊಂದಿಷ್ಟು ಮಣ್ಣು ಎಳೆದು ಸುಮ್ನಾದೆ. ಹದಿನೈದು ದಿನಕ್ಕೆ ವಾಸನೆ ಹೋಯಿತು, ಬೀಜ ಊರಿದೆ. ಬೇರೆ ಮಡಿಗಳಲ್ಲಿ ವಾರಕ್ಕೆಲ್ಲ ಮೊಳಕೆ ಬಂತು, ಇಲ್ಲಿ ಮಾತ್ರ ಒಂದು ಚಾಪೆಯಷ್ಟು ಜಾಗ ಬೋಳು. ನೀರು ಹಾಕಿದರೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತು ಪಕ್ಕಕ್ಕೆ ಉರುಳಿತು. ದಿನಾ ನೀರು ಕಟ್ಟುತ್ತಿದ್ದರೂ ಒಂದು ಗೇಣು ಕೆದಕಿದರೆ ಬರೀ ಪುಡಿ ಮಣ್ಣು. ಒಂದಷ್ಟು ಬೀಜ ಊದಿಕೊಳ್ಳದೆ ಹಾಕಿದ ಹಾಗೇ ಇದ್ದವು. ಇನ್ನು ಕೆಲವಕ್ಕೆ ಬೇರು ಬಂದಿತ್ತು, ಆದರೆ ಮೊಂಡಾಗಿ, ತುದಿ ಕಂದಿ ಹೋಗಿತ್ತು.

ಎಣ್ಣೆ ಮಣ್ಣಿನ ಕಾಳುಗಳಿಗೆ ಮೆತ್ತಿಕೊಂಡರೆ ನೀರು ಒಳಗೆ ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಡೀಸೆಲ್‌ನ ಹಗುರ ಭಾಗ ಎಳೆ ಬೇರನ್ನು ನೇರವಾಗಿಯೇ ಸುಡುತ್ತದೆ. ಅದು ಬೇಗ ಆರಿ ಹೋಗುತ್ತದೆ, ಅದಕ್ಕೇ ವಾಸನೆ ಹೋದದ್ದನ್ನು ನಂಬಿ ನಾನು ಮೋಸ ಹೋದೆ. ಭಾರದ ಭಾಗ ಅಲ್ಲೇ ಕೂತಿರುತ್ತದೆ. ಎಂಜಿನ್ ಆಯಿಲ್ ಅಂತೂ ಇನ್ನೂ ಜಾಸ್ತಿ ಕಾಲ.

ಈಗ ಹಳದಿ ಎಲೆಯ ವಿಷಯ. ಇದು ನನಗೆ ತಡವಾಗಿ ಹೊಳೆಯಿತು. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಡೀಸೆಲ್ ಊಟ. ಆದರೆ ಅದರಲ್ಲಿ ಇಂಗಾಲವೇ ಎಲ್ಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅನ್ನ ಇದೆ, ಸಾರು ಇಲ್ಲ. ಅವು ಸಾರನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ನಿಮ್ಮ ದಂಟಿನಲ್ಲಿ ಕೆಳಗಿನ ಹಳೇ ಎಲೆಗಳು ಮೊದಲು ಹಳದಿಯಾಗಿದ್ದರೆ ಕಾರಣ ಬಹುಶಃ ಇದೇ.

ಆ ಸಾರನ್ನು, ಅಂದರೆ ಸಾರಜನಕವನ್ನು, ನಾವೇ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕಿದರೆ, 1 ಲೀಟರ್ ಡೀಸೆಲ್‌ನಲ್ಲಿ ಸುಮಾರು 700 ಗ್ರಾಂ ಇಂಗಾಲ. 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಅನ್ನುವುದು ರೂಢಿಯ ಅಳತೆ. ಅಂದರೆ ಲೀಟರಿಗೆ 70 ಗ್ರಾಂ ಸಾರಜನಕ, ಹತ್ತಿರ ಹತ್ತಿರ 150 ಗ್ರಾಂ ಯೂರಿಯಾ. ಒಂದೇ ಸಲ ಸುರಿಯಬೇಡಿ, ಗೊಬ್ಬರದ ಉಪ್ಪು ಜಾಸ್ತಿಯಾದರೆ ಬ್ಯಾಕ್ಟೀರಿಯಾಕ್ಕೂ ಹೊಡೆತ. ಆರಿ ಹೋದ ಡೀಸೆಲ್‌ಗೆ ಲೆಕ್ಕವೂ ಬೇಡ. ನಾನು ಅರ್ಧಕ್ಕಿಂತ ಕಮ್ಮಿಯನ್ನೇ ನಾಲ್ಕು ಕಂತಿನಲ್ಲಿ ಹಾಕಿದೆ.

ಅದಕ್ಕೂ ಮೊದಲು ಕಪ್ಪಾದ ಮಣ್ಣನ್ನೆಲ್ಲ ಅಗೆದು, ಬಾವಿಯಿಂದ ದೂರ, ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿದೆ. ಮಾಗಿದ ಸಗಣಿ ಗೊಬ್ಬರ ಬೆರೆಸಿ, ಹಿಂಡಿದ ಬಟ್ಟೆಯಷ್ಟು ತೇವ ಇಟ್ಟು, ವಾರಕ್ಕೊಮ್ಮೆ ತಿರುವಿ ಹಾಕುತ್ತಿದ್ದೆ. ಮಳೆ ಬಂದರೆ ಮುಚ್ಚಬೇಕು. ತೈಲ ಕಂಪನಿಗಳ ಎಣ್ಣೆ ಕೆಸರಿಗೆ ಅಂತಲೇ ಟೆರಿ ಎಂಬ ಸಂಶೋಧನಾ ಸಂಸ್ಥೆಯವರು 'ಆಯಿಲ್‌ಝಾಪರ್' ಎಂಬ ಬ್ಯಾಕ್ಟೀರಿಯಾ ಮಿಶ್ರಣ ಮಾಡಿದ್ದಾರೆ. ಒಂದು ಮಡಿಗೆ ಅಷ್ಟೆಲ್ಲ ಬೇಡ, ಗೊಬ್ಬರದಲ್ಲೇ ಬೇಕಾದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಸೋಪಿನ ಪುಡಿ ಹಾಕಿ ತೊಳೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎಣ್ಣೆ ಹೋಗುವುದಿಲ್ಲ, ಕೆಳಕ್ಕೆ ಇಳಿಯುತ್ತದೆ ಅಷ್ಟೇ.

ಇಳಿದರೆ ಏನಾಗುತ್ತದೆ ಅಂತ ನೈಜೀರಿಯಾದ ಓಗೋನಿಲ್ಯಾಂಡ್‌ನವರನ್ನು ಕೇಳಬೇಕು. ಅಲ್ಲಿ ದಶಕಗಳ ಕಾಲ ಪೈಪ್‌ಲೈನ್‌ಗಳಿಂದ ಕಚ್ಚಾ ತೈಲ ಸೋರಿತು. 2011ರ ವಿಶ್ವಸಂಸ್ಥೆಯ ಪರಿಸರ ವರದಿ ಪ್ರಕಾರ 49 ಜಾಗಗಳಲ್ಲಿ ಎಣ್ಣೆ ಕನಿಷ್ಠ 5 ಮೀಟರ್ ಆಳಕ್ಕೆ ಇಳಿದಿತ್ತು. ಪೂರ್ತಿ ಸರಿಹೋಗಲು 25ರಿಂದ 30 ವರ್ಷ ಬೇಕು ಅಂದರು. ನಮ್ಮದು ಒಂದು ಕ್ಯಾನು, ಅಷ್ಟು ಹೆದರಬೇಕಿಲ್ಲ. ಆದರೆ ಮೇಲೆ ಮಣ್ಣು ಎಳೆದು ಮುಚ್ಚುವ ನನ್ನ ಬುದ್ಧಿ ಮಾತ್ರ ಬೇಡ.

ತಿನ್ನುವ ವಿಷಯಕ್ಕೆ ಬಂದರೆ, ಹಳೇ ಎಂಜಿನ್ ಆಯಿಲ್ ಬಗ್ಗೆ ನನಗೆ ಜಾಸ್ತಿ ಭಯ. ಅದರಲ್ಲಿ ಸತು, ಸವೆದ ಲೋಹ, ಕ್ಯಾನ್ಸರ್ ತರುವಂಥ ಸುಟ್ಟ ಎಣ್ಣೆಯ ಅಂಶ ಎಲ್ಲ ಇರುತ್ತವೆ. ಕ್ಯಾರೆಟ್, ಮೂಲಂಗಿಯಂಥ ಗೆಡ್ಡೆಗಳ ಸಿಪ್ಪೆ ಅದನ್ನು ಹೀರಿಕೊಳ್ಳುತ್ತದೆ. ಸೊಪ್ಪಿಗೆ ಮಣ್ಣೇ ಮೆತ್ತಿಕೊಂಡು ಬರುತ್ತದೆ. ಆಯಿಲ್ ಬಿದ್ದ ಮಣ್ಣನ್ನು ಬೇರೆಯಾಗಿಯೇ ತೆಗೆದಿಡಿ, ಡೀಸೆಲ್ ಮಣ್ಣಿನ ಜೊತೆ ಬೆರೆಸಬೇಡಿ, ಅದನ್ನು ಮತ್ತೆ ತರಕಾರಿಗೆ ಬಳಸಲೂ ಬೇಡಿ.

ಉಳಿದ ಮಣ್ಣು ಸುಧಾರಿಸಿತಾ ಅಂತ ನೋಡಲು ಎರಡು ಕುಂಡ ಸಾಕು. ಒಂದರಲ್ಲಿ ಆ ಮಣ್ಣು, ಇನ್ನೊಂದರಲ್ಲಿ ಒಳ್ಳೇ ಮಣ್ಣು, ಎರಡಕ್ಕೂ 20 ಮೆಂತ್ಯದ ಕಾಳು. ನನ್ನದರಲ್ಲಿ ಮೊದಲ ಸಲ 7 ಹುಟ್ಟಿದವು, ಆರು ತಿಂಗಳ ಮೇಲೆ 17. ಒಳ್ಳೇ ಮಣ್ಣಲ್ಲಿ 18. ಮೊಳಕೆ ಬಂದ ಮಾತ್ರಕ್ಕೆ ತಿನ್ನಲು ಸರಿ ಅಂತಲ್ಲ ಅಲ್ವಾ, ಹಾಗಾಗಿ ಆ ವರ್ಷ ಅಲ್ಲಿ ಚೆಂಡು ಹೂ ಹಾಕಿದೆ. ದಸರಾಕ್ಕೆ ಚೆನ್ನಾಗಿಯೇ ಬಂತು.