ಇಂಗ್ಲಿಷ್ ಕ್ಲಾಸಲ್ಲಿ ಚಿತ್ರಪುಸ್ತಕ ಓದಿಸಿದ್ರೆ ಮಕ್ಳಿಗೆ ಬೇರೆ ಸಂಸ್ಕೃತಿ ಅರ್ಥ ಆಗುತ್ತಾ?

ಇಂಗ್ಲಿಷ್ ಇನ್ನೂ ಸರಿಯಾಗಿ ಬರದ ಮಕ್ಳಿಗೆ ಚಿತ್ರಪುಸ್ತಕ ಇಟ್ಕೊಂಡು ಬೇರೆಯವರ ಬದುಕು ಪರಿಚಯ ಮಾಡ್ಸಕ್ಕಾಗುತ್ತಾ ಅಂತ ಕೇಳಿದೀರ. ಖಂಡಿತ ಆಗುತ್ತೆ. ಆದ್ರೆ ಓದಿ ಮುಗಿಸಿ "ನೋಡಿ ಮಕ್ಳೇ, ಆ ದೇಶದೋರು ಹೀಗಿರ್ತಾರೆ" ಅಂದ್ಬಿಟ್ರೆ ಮಾಡಿದ್ದೆಲ್ಲಾ ಕೆಟ್ಟೋಗುತ್ತೆ.

ನಾನು ಜಾಸ್ತಿ ಬಳಸೋದು ಜೀನಿ ಬೇಕರ್ ಅವರ 'ಮಿರರ್', 2010ರ ಪುಸ್ತಕ. ಕಥೇಲಿ ಮಾತೇ ಇಲ್ಲ, ಬರೀ ಕೊಲಾಜ್ ಚಿತ್ರ, ಅಂದ್ರೆ ಬೇರೆ ಬೇರೆ ತುಂಡು ಅಂಟಿಸಿ ಮಾಡಿದ್ದು. ಎರಡು ಕಥೆ ಅಕ್ಕಪಕ್ಕ ಇರುತ್ತೆ, ಎಡಕ್ಕೆ ಸಿಡ್ನಿಯ ಒಂದು ಮನೆ, ಬಲಕ್ಕೆ ಮೊರಾಕೊದ ಒಂದು ಮನೆ, ಮೊರಾಕೊದ್ದನ್ನ ಅರಬ್ಬಿ ಓದೋ ಥರ ಬಲದಿಂದ ಎಡಕ್ಕೆ ನೋಡ್ಕೊಂಡು ಹೋಗ್ಬೇಕು. ಮೊದಲ ಸಲ ತೋರ್ಸಿದಾಗ ಒಬ್ಬ ಹುಡುಗ "ಮಿಸ್, ಇದು ಉಲ್ಟಾ ಇದೆ" ಅಂದ. ಯಾರಿಗಪ್ಪಾ ಉಲ್ಟಾ ಅಂದೆ. ಆ ಪುಟ ಈ ಪುಟ ತಿರುವಿ ತಿರುವಿ ಆಮೇಲೆ ಮೆಲ್ಲಗೆ "ಅವ್ರಿಗೆ ನಮ್ದು ಉಲ್ಟಾ" ಅಂದ. ಭಾಷೆ ಕಲಿಸೋವಾಗ ಸಂಸ್ಕೃತಿ ಹೇಗೆ ಕಲಿಸ್ಬೇಕು ಅನ್ನೋದರ ಬಗ್ಗೆ ಬರೆದ ವಿದ್ವಾಂಸ ಮೈಕಲ್ ಬೈರಮ್ 1997ರಲ್ಲಿ ಬರೆದಿದ್ದು ಹೆಚ್ಚುಕಮ್ಮಿ ಇದನ್ನೇ, ಬೇರೆಯವರ ಬಗ್ಗೆ ಕುತೂಹಲ ಬೇಕು, ಜೊತೆಗೆ ನಮ್ಮದೇ ಸರಿ ಅನ್ನೋದನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡೋಕೂ ಬರ್ಬೇಕು ಅಂತ.

ಒಂದು ತೊಂದ್ರೆ ಮಾತ್ರ ಬಂದೇ ಬರುತ್ತೆ. ಮೊರಾಕೊದ ಅಪ್ಪ ಮಗ ಕತ್ತೆ ಜೊತೆ ಸಂತೆಗೆ ಹೋಗೋದು ನೋಡಿದ ತಕ್ಷಣ ಮಕ್ಳು "ಅಯ್ಯೋ ಪಾಪ" ಅಂತಾರೆ. ಆಗ ಬೈಬೇಡಿ, ಪಾಠಾನೂ ಹೇಳ್ಬೇಡಿ, ಎರಡೂ ಮನೇಲಿ ಒಂದೇ ಥರ ಇರೋದು ಹುಡ್ಕಿ ಅನ್ನಿ. ಆಮೇಲೆ ಮೊರಾಕೊದ್ದೇ ದೊಡ್ಡ ನಗರ ಕಾಸಾಬ್ಲಾಂಕಾದ ಫೋಟೋನೂ ತೋರ್ಸಿ, ಅಲ್ಲಿ 2012ರಿಂದ ಟ್ರಾಮ್ ಓಡ್ತಿದೆ. ಒಂದೇ ಪುಸ್ತಕಕ್ಕೆ ನಿಲ್ಲಿಸಿದ್ರೆ ಇಡೀ ದೇಶಾನೇ ಕತ್ತೆ ಮೇಲೆ ಕೂತ್ಬಿಡುತ್ತೆ ಮಕ್ಳ ತಲೇಲಿ.

ಇಂಗ್ಲಿಷ್ ಎಲ್ಲಿಂದ ಬರುತ್ತೆ ಅಂದ್ರೆ, ಮೂರೇ ವಾಕ್ಯ ಬೋರ್ಡ್ ಮೇಲೆ ಬರೀತೀನಿ: ಐ ಸೀ, ಐ ಥಿಂಕ್, ಐ ವಂಡರ್. ಮುಂದಿಂದು ಅವ್ರೇ ತುಂಬ್ತಾರೆ, ಪದ ಸಿಗದಿದ್ರೆ ಮನೆಭಾಷೇಲಿ ಹೇಳ್ಲಿ, ಅದಕ್ಕೆ ಇಂಗ್ಲಿಷ್ ಪದ ನಾವು ಕೊಡೋದು, ತಾನೇ ಕೇಳಿ ಇಸ್ಕೊಂಡ ಪದ ಮಗು ಮರೆಯಲ್ಲ.

ಕೊನೇಲಿ ಒಂದು ಹಾಳೆ ಮಡಚಿಸಿ ಎಡಕ್ಕೆ ತಮ್ಮ ಬೆಳಗ್ಗೆ, ಬಲಕ್ಕೆ ಪಕ್ಕದಲ್ಲಿ ಕೂತ ಮಗೂನ ಬೆಳಗ್ಗೆ ಬಿಡಿಸೋಕೆ ಹೇಳ್ತೀನಿ, ಅದಕ್ಕೆ ಇಂಗ್ಲಿಷಲ್ಲೇ ಪ್ರಶ್ನೆ ಕೇಳ್ಬೇಕು. ಎರಡು ವರ್ಷದಿಂದ ಒಂದೇ ಬೆಂಚಲ್ಲಿ ಕೂತಿದ್ದ ಹುಡುಗೀನ, ಬೆಳಗ್ಗೆ ನಿನ್ನ ಎಬ್ಸೋದು ಯಾರು ಅಂತ ಇನ್ನೊಬ್ಳು ಆವತ್ತೇ ಮೊದಲ ಸಲ ಕೇಳಿದ್ದು.