ಹಳೆಯ ಯೆಜ್ಡಿ ರೋಡ್‌ಕಿಂಗ್‌ನ ಮುಂದಿನ ಫೋರ್ಕ್ ಮರದ ಕೊರಡಿನಂತೆ ಬಿಗಿಯಾಗಿದ್ದರೆ ಏನು ಮಾಡಬೇಕು?

ಮುಂದಿನ ಚಕ್ರವನ್ನು ಹಿಡಿದು, ಒಳಗಿನ ಸ್ಪ್ರಿಂಗು, ಎಣ್ಣೆಗಳಿಂದ ಪೆಟ್ಟು ತಡೆಯುವ ಜೋಡಿ ಕಾಲುಗಳೇ ಫೋರ್ಕ್. ಆಯಿಲ್ ಸೀಲು (ಎಣ್ಣೆ ಸೋರದಂತೆ ತಡೆಯುವ ಬಳೆ), ಎಣ್ಣೆ ಎರಡನ್ನೂ ಬದಲಿಸಿದ ಮೇಲೆಯೇ ಫೋರ್ಕ್ ಬಿಗಿಯಾಯಿತು, ಹಂಪ್ ಹತ್ತಿಸಿದರೆ ಪೆಟ್ಟು ನೇರವಾಗಿ ಮಣಿಕಟ್ಟಿಗೆ ಬರುತ್ತದೆ, ಇನ್ನೂ ತೆಳುವಾದ ಎಣ್ಣೆ ಹಾಕಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಹ್ಯಾಂಡಲ್ ಮೇಲೆ ನಿಧಾನವಾಗಿ ಭಾರ ಬಿಡಿ. ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಹುಟ್ಟುವ ತಡೆ ವೇಗದೊಂದಿಗೆ ಏರುವುದರಿಂದ, ನಿಧಾನವಾಗಿ ಒತ್ತಿದಾಗ ಅದು ಹೆಚ್ಚು ಅಡ್ಡಬರಬಾರದು. ಹಾಗೆ ಒತ್ತಿದಾಗಲೂ ಮೊದಲು ಅಲುಗದೆ ನಿಂತು, ಆಮೇಲೆ ತಟಕ್ಕನೆ ಕುಸಿದು, ಕೈ ಬಿಟ್ಟರೆ ಪೂರ್ತಿ ಮೇಲೇಳದೆ ನಡುವೆಯೇ ಉಳಿದರೆ ಎಲ್ಲೋ ಲೋಹ ಲೋಹಕ್ಕೆ ಉಜ್ಜುತ್ತಿದೆ ಎಂದರ್ಥ. ಸಲೀಸಾಗಿ ಇಳಿದು ಕೊನೆಗೆ ಗೋಡೆಗೆ ತಾಗಿದಂತೆ ನಿಂತರೆ ಎಣ್ಣೆ ಅಳತೆ ಮೀರಿದೆ. ಎಣ್ಣೆಯ ಮೇಲೆ ಉಳಿದ ಅಲ್ಪ ಗಾಳಿಯೇ ಇನ್ನೊಂದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ.

ನನ್ನ ಗಾಡಿಯಲ್ಲಿ ಮೊದಲನೆಯ ಲಕ್ಷಣವಿದ್ದರೂ ನಾನು ಎರಡು ಬಾರಿ ಎಣ್ಣೆ ಬದಲಿಸಿ ಹಣ ಕಳೆದುಕೊಂಡೆ. ಕೊನೆಗೊಂದು ದಿನ ಮುಂದಿನ ಮಡ್‌ಗಾರ್ಡಿನ ಬೋಲ್ಟುಗಳನ್ನು ಸಡಿಲಿಸುತ್ತಿದ್ದಂತೆ ಫೋರ್ಕಿನ ಬಲಗಡೆಯ ಕಾಲು 'ಟಕ್' ಎಂದು ಹೊರಕ್ಕೆ ಸರಿದು, ಮಡ್‌ಗಾರ್ಡನ್ನು ಹಿಡಿದ ಪಟ್ಟಿಗೂ ಆ ಕಾಲಿಗೂ ನಡುವೆ ಒಂದು ವಾಷರ್ ತೂರುವಷ್ಟು ಸಂದು ತೆರೆದುಕೊಂಡಿತು. ಹಿಂದೆಂದೋ ಬಿದ್ದು ಬಗ್ಗಿದ ಆ ಪಟ್ಟಿ ಇಷ್ಟು ದಿನ ಎರಡೂ ಕಾಲುಗಳನ್ನು ಒಳಕ್ಕೆಳೆದು ಹಿಡಿದಿತ್ತು.

ನೀವೂ ಮಡ್‌ಗಾರ್ಡಿನ ಬೋಲ್ಟುಗಳನ್ನೂ ಚಕ್ರದ ಆಕ್ಸೆಲ್ಲನ್ನು ಫೋರ್ಕಿನ ಕಾಲಿಗೆ ಬಿಗಿಯುವ ಪಿಂಚ್ ಬೋಲ್ಟನ್ನೂ ಸಡಿಲಿಸಿ, ಗಾಡಿಯನ್ನು ನಿಂತಲ್ಲೇ ಹತ್ತಾರು ಬಾರಿ ಒತ್ತಿ ಬಿಡಿ. ಕಾಲುಗಳು ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಆಮೇಲೆ ಪಿಂಚ್ ಬೋಲ್ಟ್ ಬಿಗಿದು, ಮಡ್‌ಗಾರ್ಡಿನ ಸಂದುಗಳಿಗೆ ಬಲವಂತ ಮಾಡದೆ ವಾಷರ್ ತುಂಬಿ. ಆಗಲೂ ಬಿಗಿತ ಹೋಗದಿದ್ದರೆ ಫೋರ್ಕಿನ ಒಳಕೊಳವೆಗಳನ್ನು ಬಿಚ್ಚಿ ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿ ನೋಡಿ; ಬಾಗಿದ್ದರೆ ಅಡಿಯ ಬೆಳಕಿನ ಗೆರೆ ಅಗಲವಾಗುತ್ತ, ಕಿರಿದಾಗುತ್ತ ಹೋಗುತ್ತದೆ. ಕೊಳವೆಯ ಕ್ರೋಮ್ ಲೇಪದಲ್ಲಿ ಉಗುರಿಗೆ ಸಿಕ್ಕುವಂಥ ತುಕ್ಕಿನ ಗುಳಿಗಳಿದ್ದರೆ ಹೊಸ ಸೀಲೂ ಹೆಚ್ಚು ದಿನ ಬಾಳುವುದಿಲ್ಲ.

ಎಣ್ಣೆಯ ಮಾತು ಇದಾದ ಮೇಲೆ. ಅನೇಕ ಗ್ಯಾರೇಜುಗಳಲ್ಲಿ ಕೈಗೆ ಸಿಕ್ಕ 20ಡಬ್ಲ್ಯೂ-40 ಎಂಜಿನ್ ಆಯಿಲನ್ನೇ ಸುರಿಯುತ್ತಾರೆ. ಅದು ಫೋರ್ಕಿಗೆ ಮಂದವಾಯಿತು. ಹಳೆಯದನ್ನು ಪೂರ್ತಿ ಬಸಿಯದೆ ಹೊಸದನ್ನು ಅಳೆದು ಹಾಕಿದರೂ ಅಳತೆ ಮೀರುತ್ತದೆ ಎಂಬುದನ್ನು ಮರೆಯಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿರುವುದರಿಂದ ಹಳೆಯ ದಾಸ್ತಾನು ಸಿಗುವುದು ಅಪರೂಪ, ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬೇರೆಯವರು ಮಾಡಿದ ಬಿಡಿಭಾಗ. ಸ್ಪ್ರಿಂಗನ್ನೂ ಬದಲಿಸಿದ್ದರೆ ಹಳೆಯದರ ಪಕ್ಕ ನಿಲ್ಲಿಸಿ ಉದ್ದವನ್ನೂ ತಂತಿಯ ದಪ್ಪವನ್ನೂ ಹೋಲಿಸಿ ನೋಡಿ.